ಹೊರಗಿನದು ನಮ್ಮದಾಗುವ ಬಗೆ

ಹಾವೇರಿ ಸೀಮೆಯ ಹಳ್ಳಿಗಳಲ್ಲೂ ಈಗ ಸೊಂಟದೊಳಗೆ ಟೈಟಾನಿಯಂ ಹೊತ್ತು ಓಡಾಡುವವರಿದ್ದಾರೆ. ಹೊರಗಿನಿಂದ ಬಂದ ಆ ಲೋಹವನ್ನು ಎಲುಬು ಯಾಕೆ ಒಪ್ಪಿಕೊಳ್ಳುತ್ತದೆ?

ಸ್ವೀಡನ್ನಿನ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲದ ಎಲುಬಿನಲ್ಲಿ ಕೂರಿಸಿದ್ದ ಟೈಟಾನಿಯಂ ಸಾಧನವನ್ನು ತೆಗೆಯಲು ಹೋದರೆ ಅದು ಬರಲಿಲ್ಲ, ಎಲುಬಿನೊಡನೆ ಬೆಸೆದುಕೊಂಡಿತ್ತು. 1965ರಲ್ಲಿ ಅವರು ಅದೇ ಲೋಹವನ್ನು ಮನುಷ್ಯನ ದವಡೆಗೆ ಹಲ್ಲಿನ ಬೇರಾಗಿ ಕೂರಿಸಿದರು.

ಆದರೆ ಜೀವಕೋಶ ಬರಿಯ ಲೋಹವನ್ನು ಮುಟ್ಟುವುದೇ ಇಲ್ಲ. ರಕ್ತ ತಾಗಿದ ಕ್ಷಣದಲ್ಲೇ ಲೋಹದ ಮೈಮೇಲೆ ಪ್ರೋಟೀನುಗಳು ಕೂರುತ್ತವೆ. ಅವುಗಳಲ್ಲಿ ಫೈಬ್ರೊನೆಕ್ಟಿನ್ ಎಂಬುದರಲ್ಲಿ ಮೂರು ಅಮೈನೋ ಆಮ್ಲಗಳ ಒಂದು ಸಣ್ಣ ಗುರುತಿದೆ. ಕೋಶದ ಹೊರಮೈಯಲ್ಲಿರುವ ಇಂಟೆಗ್ರಿನ್‌ಗಳು ಆ ಗುರುತನ್ನು ಹಿಡಿದರೆ ಕೋಶ ಅಲ್ಲಿ ಹರಡಿಕೊಂಡು ಕೂತು, ಎಲುಬು ಕಟ್ಟುವ ಕೆಲಸಕ್ಕೆ ಅಣಿಯಾಗುತ್ತದೆ. ಪ್ರೋಟೀನು ಅಂಟುವಾಗ ಆಕಾರ ಕೆಟ್ಟು ಗುರುತು ಮರೆಯಾದರೆ ಹಿಡಿತ ಸಡಿಲ. ಅದಕ್ಕೇ ವಿಜ್ಞಾನಿಗಳು ಇಂಥ ಪ್ರೋಟೀನುಗಳನ್ನು ಮೊದಲೇ ಲೋಹಕ್ಕೆ ಲೇಪಿಸಿ ನೋಡುತ್ತಾರೆ.

ಇದು ಮೋಸವೇ? ಪರಕೀಯನಿಗೆ ಮನೆಯವರ ಅಂಗಿ ತೊಡಿಸಿ ಒಳಗೆ ಬಿಟ್ಟಂತಲ್ಲವೇ?

ಅಂಗಿಯಷ್ಟೇ ಆಗಿದ್ದರೆ ಹೌದೆನ್ನಬಹುದಿತ್ತು. ಆದರೆ ಲೇಪ ಬಹಳ ದಿನ ಬಾಳುವುದಿಲ್ಲ. ಕೋಶಗಳೇ ಅದನ್ನು ಕರಗಿಸಿ ತಮ್ಮದನ್ನು ಹೆಣೆಯುತ್ತವೆ. ಆಮೇಲಿನ ಪರೀಕ್ಷೆ ಭಾರದ್ದು. ಎಲುಬು ಭಾರ ಬಿದ್ದಲ್ಲಿ ಗಟ್ಟಿಯಾಗುತ್ತದೆ, ಬೀಳದಲ್ಲಿ ಸವೆಯುತ್ತದೆ. ಟೈಟಾನಿಯಂ ಎಲುಬಿಗಿಂತ ಸುಮಾರು ಐದಾರು ಪಟ್ಟು ಬಿಗಿ. ಅದು ಭಾರವನ್ನೆಲ್ಲ ತಾನೇ ಹೊತ್ತರೆ ಸುತ್ತಲಿನ ಎಲುಬು ತೆಳುವಾಗುತ್ತದೆ. ಏನೂ ಹೊರದಿದ್ದರೆ ಅದು ಇದ್ದೂ ಇಲ್ಲದಂತೆ. ಗುರುತು ಬಾಗಿಲು ತೆರೆಯಬಹುದು. ಒಳಗೆ ಉಳಿಸುವುದು ಹಂಚಿಕೊಂಡ ಹೊರೆ. ಒಪ್ಪಿಸುವುದಕ್ಕೂ ಮಿತಿಯಿದೆ: ಎಲುಬು ಬೆಳೆಸುವ ಬಿಎಂಪಿ-2 ಪ್ರೋಟೀನು ಅತಿಯಾದರೆ ಬೇಡದ ಜಾಗದಲ್ಲೂ ಎಲುಬು ಹುಟ್ಟುತ್ತದೆ. ಒಲಿಸುವುದು ಬೇರೆ, ಬಲವಂತ ಬೇರೆ.

ಅಗಡಿಯ ಆನಂದವನದಿಂದ ಹೊರಡುತ್ತಿದ್ದ 'ಸದ್ಬೋಧ ಚಂದ್ರಿಕೆ'ಯನ್ನು ನಡೆಸಿದ ಗಳಗನಾಥರು ಅಗಡಿಯಲ್ಲಿ ಹುಟ್ಟಿದವರಲ್ಲ. ಪುಸ್ತಕದ ಗಂಟು ತಾವೇ ಹೊತ್ತು ಊರೂರು ತಿರುಗಿ ಮಾರಿದವರು ಅವರು. ಇಂದು ಅಗಡಿಯ ಹೆಸರು ಬಂದಲ್ಲಿ ಅವರ ಹೆಸರೂ ಬರುತ್ತದೆ. ಹೊಸಬರನ್ನು 'ನೀವು ಯಾರ ಪೈಕಿ?' ಎಂದು ಕೇಳುವುದು ನಮ್ಮ ರೂಢಿ. ಆ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ನಾವು ಅವರಿಗೆ ಹೊರಲು ಏನನ್ನಾದರೂ ಕೊಡುತ್ತೇವೆಯೇ? ಕೊಡದೆ, ಇವರು ನಮ್ಮವರಾಗಲಿಲ್ಲ ಎಂದರೆ ತಪ್ಪು ಬಂದವರದಲ್ಲ.