ಡಬ್ಬಿಯ ಕೇಕು ಯಾರ ಕೈರುಚಿ?

"ನೀಂಗಳೇ ಸೆಂಜದಾ?" ಚೆನ್ನೈಗೆ ಬಂದು ತಮಿಳು ಅಷ್ಟಿಷ್ಟು ಅರ್ಥವಾಗತೊಡಗಿದ ಮೇಲೆ ನಾನು ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆಗಳಲ್ಲಿ ಇದೂ ಒಂದು. ನೀವೇ ಮಾಡಿದ್ದಾ? ಪಕ್ಕದ ಮನೆಗೆ ಒಂದು ಬಟ್ಟಲು ಏನಾದರೂ ಕೊಟ್ಟು ನೋಡಿ, ರುಚಿ ನೋಡುವ ಮೊದಲೇ ಈ ಪ್ರಶ್ನೆ ಬರುತ್ತದೆ. ಹುಳಿ ಕೊಟ್ಟಾಗ, ಚಿತ್ರಾನ್ನ ಕೊಟ್ಟಾಗ, ಯೋಚನೆಯೇ ಇಲ್ಲದೆ ಹೌದು ಅನ್ನುತ್ತೇವೆ. ಹುಳಿಯ ಪುಡಿ ಅಂಗಡಿಯದ್ದು, ತೊಗರಿಬೇಳೆ ಎಲ್ಲಿಯದೋ, ಹುಣಸೆ ಯಾರು ಬಿಡಿಸಿದ್ದೋ. ಆದರೂ ಹೌದು, ನಾವೇ ಮಾಡಿದ್ದು. ಅದೇ ಡಬ್ಬಿಯ ಮಿಕ್ಸ್‌ನಿಂದ ಮಾಡಿದ ಕೇಕಿನ ತುಂಡು ಕೊಟ್ಟಾಗ ಮಾತ್ರ ಆ 'ಹೌದು' ಗಂಟಲಲ್ಲಿ ಒಂದು ಕ್ಷಣ ನಿಲ್ಲುತ್ತದೆ. ಹಾಗೆ ನಿಲ್ಲುವುದು ಏಕೆ, ನಿಲ್ಲಬೇಕೇ ಎಂಬುದು ನನ್ನ ಪ್ರಶ್ನೆ.

ಮೊದಲು ರುಚಿಯ ಮಾತು ಮುಗಿಸೋಣ, ಅದಿಲ್ಲದೆ ನೀತಿಯ ಮಾತು ಒಣಗುತ್ತದೆ. ಡಬ್ಬಿಯ ಮಿಕ್ಸ್ ಎಂದರೆ ಹೆಚ್ಚಾಗಿ ಮೈದಾ, ಸಕ್ಕರೆ, ಬೇಕಿಂಗ್ ಪೌಡರ್, ಜೊತೆಗೆ ಕೊಬ್ಬು ಮತ್ತು ನೀರನ್ನು ಹೊಂದಿಸಿಡುವ ಒಂದೆರಡು ಪದಾರ್ಥ. ಕೇಕು ಮೆತ್ತಗೆ ಬರುವ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಹೊಸಬರು ಮನೆಯಲ್ಲಿ ಹಿಟ್ಟಿನಿಂದ ಶುರುಮಾಡಿದ ಕೇಕಿಗಿಂತ ಅದು ಮೆತ್ತಗಿರುವುದೂ ಉಂಟು. ಇಲ್ಲದಿರುವುದು ಪರಿಮಳ, ಮತ್ತು ಸಿಹಿಯ ಹೊರತಾದ ಇನ್ನೊಂದು ರುಚಿ. ಹಾಗಾಗಿ ನೀರಿನ ಬದಲು ಹಾಲು, ಎಣ್ಣೆಯ ಬದಲು ಬೆಣ್ಣೆ. ಚೆನ್ನೈಯಲ್ಲಿ ಬೆಣ್ಣೆಯನ್ನು ಕರಗಿಸುವ ಕಷ್ಟವಿಲ್ಲ, ಫ್ರಿಜ್ಜಿನಿಂದ ತೆಗೆದು ಹೊರಗಿಟ್ಟರೆ ಸಾಕು. ಒಂದು ಚಿಟಿಕೆ ಉಪ್ಪು. ಎರಡು ಚಮಚ ಹುಳಿ ಮೊಸರು, ಅಷ್ಟೇ ಹಾಲು ಕಡಿಮೆ ಮಾಡಿ. ಇಲ್ಲಿನ ಏಪ್ರಿಲ್‌ನಲ್ಲಿ ಬೆಳಿಗ್ಗೆ ಹೊರಗಿಟ್ಟ ಮೊಸರು ಮಧ್ಯಾಹ್ನಕ್ಕೆ ತಾನಾಗಿಯೇ ಹುಳಿಯಾಗಿರುತ್ತದೆ. ಹೆಚ್ಚು ಹಾಕಿದರೆ ಹಿಟ್ಟು ತೆಳುವಾಗಿ ನಡು ಕುಸಿಯುತ್ತದೆ. ಒಣ ಹಿಟ್ಟು ಕಾಣದಂತಾದ ಕೂಡಲೇ ಕಲಸುವುದನ್ನು ನಿಲ್ಲಿಸಬೇಕು, ಇಲ್ಲದಿದ್ದರೆ ಮೈದಾ ಜಿಗುಟಾಗಿ ಕೇಕು ರಬ್ಬರಾಗುತ್ತದೆ.

ಚಾಕೊಲೇಟ್ ಮಿಕ್ಸ್ ಆದರೆ ಎಲ್ಲಕ್ಕಿಂತ ದೊಡ್ಡ ಉಪಕಾರ ಮಾಡುವುದು ಫಿಲ್ಟರಿನ ಗಟ್ಟಿ ಡಿಕಾಕ್ಷನ್. ಹಾಲಿನಲ್ಲಿ ಕಾಲು ಪಾಲು ಡಿಕಾಕ್ಷನ್ ಇದ್ದರೆ ಕೇಕು ಕಾಫಿಯಾಗುವುದಿಲ್ಲ, ಕೋಕೋ ಎಚ್ಚರಗೊಳ್ಳುತ್ತದೆ. ಕನ್ನಡದ ಅಡುಗೆಮನೆಯೂ ತಮಿಳಿನ ಅಡುಗೆಮನೆಯೂ ಜಗಳವಿಲ್ಲದೆ ಒಪ್ಪುವ ದ್ರವ ಇದೊಂದೇ ಇರಬೇಕು. ಓವನ್ ಇಲ್ಲದ ಪಿ.ಜಿ. ವಾಸಿಗಳಿಗೆ ಕುಕ್ಕರ್ ಸಾಕು: ಗ್ಯಾಸ್ಕೆಟ್ ಮತ್ತು ವೆಯ್ಟ್ ತೆಗೆದು, ತಳಕ್ಕೆ ಉಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಹತ್ತು ನಿಮಿಷ ಕಾಯಿಸಿ, ಆಮೇಲೆ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯ ಒಳಗೆ. ನೀರು ಹಾಕುವಂತಿಲ್ಲ. ಪಿಲ್ಸ್‌ಬರಿಯವರು ಭಾರತದಲ್ಲಿ 'ಕುಕ್ಕರ್ ಕೇಕ್ ಮಿಕ್ಸ್' ಎಂದೇ ಹೆಸರಿಟ್ಟು ಮೊಟ್ಟೆಯಿಲ್ಲದ ಮಿಕ್ಸ್ ಮಾರಿದ್ದು ಇದನ್ನು ತಿಳಿದೇ.

ಈಗ ಗಂಟಲಿನ ಮಾತಿಗೆ ಬರೋಣ. ನಮ್ಮಲ್ಲಿ ಬಹುತೇಕರ ಮನೆಯಲ್ಲಿ ಅಮ್ಮ ಕೇಕು ಮಾಡಿದವರಲ್ಲ. ಕೇಕು ಎಂದರೆ ಅಯ್ಯಂಗಾರ್ ಬೇಕರಿ. ಕೆಂಪು ಜಾಮ್ ಸವರಿ ಮೇಲೆ ಕೊಬ್ಬರಿ ತುರಿ ಉದುರಿಸಿದ ಹನಿ ಕೇಕ್, ಕಾಗದದಲ್ಲಿ ಸುತ್ತಿ ಕೊಟ್ಟಾಗ ಜಾಮ್ ಕಾಗದಕ್ಕೇ ಅಂಟಿರುತ್ತಿತ್ತು. ಅಂದರೆ ಡಬ್ಬಿಯ ಕೇಕು ನಮ್ಮ ಯಾವ ಪರಂಪರೆಗೂ ದ್ರೋಹ ಬಗೆಯುತ್ತಿಲ್ಲ, ದ್ರೋಹ ಬಗೆಯಲು ಅಲ್ಲಿ ಪರಂಪರೆಯೇ ಇರಲಿಲ್ಲ. ಹಾಗಿದ್ದರೂ ಅಳುಕು ಇದೆ. ನನಗೆ ಅನ್ನಿಸುವುದು, ಈ ಅಳುಕನ್ನು ನಾವು ಡಬ್ಬಿಯ ಜೊತೆಗೇ ಆಮದು ಮಾಡಿಕೊಂಡಿದ್ದೇವೆ.

ಅಮೆರಿಕದಲ್ಲಿ ಈ ಅಳುಕಿನ ಮೇಲೆ ಒಂದು ಪ್ರಸಿದ್ಧ ಕಥೆಯೇ ಇದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ದೊಡ್ಡ ಕಂಪನಿಗಳು ಕೇಕ್ ಮಿಕ್ಸ್ ಮಾರಲು ಹೊರಟವು. ಬರೀ ನೀರು ಹಾಕಿದರೆ ಆಗುವ ಕೇಕಿನಿಂದ ಗೃಹಿಣಿಯರಿಗೆ ತಾವು ಏನೂ ಮಾಡಿಲ್ಲವೆಂಬ ಅಪರಾಧಿ ಭಾವ ಬರುತ್ತಿತ್ತು, ವಿಯೆನ್ನಾದಿಂದ ಬಂದ ಮನಶ್ಶಾಸ್ತ್ರಜ್ಞ ಅರ್ನೆಸ್ಟ್ ಡಿಕ್ಟರ್ 'ಒಂದು ಮೊಟ್ಟೆ ಅವರೇ ಒಡೆದು ಹಾಕಲಿ' ಎಂದು ಸಲಹೆ ಕೊಟ್ಟ, ಮಾರಾಟ ಏರಿತು ಎಂಬುದು ಕಥೆ. ಜಾಹೀರಾತಿನವರು ಇಂದಿಗೂ ಇದನ್ನು ಹೇಳಿಕೊಂಡು ಖುಷಿಪಡುತ್ತಾರೆ. ಆದರೆ ಪಿಟ್ಸ್‌ಬರ್ಗ್‌ನ ಪಿ. ಡಫ್ ಅಂಡ್ ಸನ್ಸ್ ಕಂಪನಿಯವರು ತಾಜಾ ಮೊಟ್ಟೆ ಹಾಕುವ ಮಿಕ್ಸಿಗೆ ಪೇಟೆಂಟ್ ಪಡೆದದ್ದು 1935ರಲ್ಲಿ. ಡಿಕ್ಟರ್ ಅಮೆರಿಕಕ್ಕೆ ಬಂದದ್ದೇ 1938ರಲ್ಲಿ. ಒಣಗಿಸಿದ ಮೊಟ್ಟೆಗಿಂತ ತಾಜಾ ಮೊಟ್ಟೆಯ ಕೇಕು ರುಚಿ ಎಂಬ ಸರಳ ಕಾರಣವನ್ನು ಬಿಟ್ಟು ಹೆಂಗಸರ ಮನಸ್ಸಿನ ಮೇಲೆ ಕಥೆ ಕಟ್ಟಿದ್ದು, ಅದು ಹಬ್ಬಿದ್ದು, ಕೇಕಿಗಿಂತ ಹೆಚ್ಚು ಸ್ವಾರಸ್ಯದ ಸಂಗತಿ.

ಮೊಟ್ಟೆಯ ಕಥೆ ಸುಳ್ಳಾದರೂ ಅದರ ಹಿಂದಿರುವ ಪ್ರಶ್ನೆ ಹಳೆಯದು. ಯಾರದೂ ಅಲ್ಲದ ವಸ್ತುವಿಗೆ ನನ್ನ ದುಡಿಮೆ ಬೆರೆಸಿದರೆ ಅದು ನನ್ನದಾಗುತ್ತದೆ ಎಂದು ಹದಿನೇಳನೇ ಶತಮಾನದಲ್ಲಿ ಜಾನ್ ಲಾಕ್ ವಾದಿಸಿದ. 1974ರಲ್ಲಿ ರಾಬರ್ಟ್ ನೋಜಿಕ್ ಇದಕ್ಕೊಂದು ಕೊಂಕು ತೆಗೆದ: ನನ್ನ ಡಬ್ಬಿ ಟೊಮ್ಯಾಟೊ ರಸವನ್ನು ಸಮುದ್ರಕ್ಕೆ ಸುರಿದರೆ ಸಮುದ್ರ ನನ್ನದಾಯಿತೋ, ಅಥವಾ ನಾನು ಪೆದ್ದನಂತೆ ನನ್ನ ರಸ ಕಳೆದುಕೊಂಡೆನೋ? ಬೆಸೆಂಟ್ ನಗರದ ಕಡಲ ಮುಂದೆ ನಿಂತು ಇದನ್ನು ಯೋಚಿಸಿದರೆ ನಗು ಬರುತ್ತದೆ. ಡಬ್ಬಿಯ ಮಿಕ್ಸಿಗೆ ಎರಡು ಚಮಚ ಡಿಕಾಕ್ಷನ್ ಹಾಕಿದ ನಾನು ಯಾವ ಕಡೆ? ಅಳತೆಯ ಲೆಕ್ಕದಲ್ಲಿ ನನ್ನ ಪಾಲು ತೀರಾ ಚಿಕ್ಕದು. ಆದರೆ ಅಡುಗೆಯಲ್ಲಿ ಪಾಲನ್ನು ಅಳತೆಯಲ್ಲಿ ಎಣಿಸುವವರು ಯಾರು? ಒಗ್ಗರಣೆಯ ತೂಕ ಎಷ್ಟು ಗ್ರಾಮು?

ಹೆಪ್ಪನ್ನು ನೋಡಿ. ಹಾಲು ಆವಿನ್ ಪ್ಯಾಕೆಟ್ಟಿನದು, ಹೆಪ್ಪು ಎದುರು ಮನೆಯದು, ಮೊಸರು ಮಾಡಿದ್ದು ಕಣ್ಣಿಗೆ ಕಾಣದ ಜೀವಿಗಳು. ನಾನು ಮಾಡಿದ್ದು ಹಾಲನ್ನು ಉಗುರುಬೆಚ್ಚಗೆ ಆರಿಸಿ, ಒಂದು ಚಮಚ ಹಾಕಿ, ಮುಚ್ಚಿಟ್ಟದ್ದು. ಆದರೂ ಅದು 'ಮನೆ ಮೊಸರು'. ಕನ್ನಡದಲ್ಲಿ ಕೈರುಚಿ, ಕೈಗುಣ ಅನ್ನುತ್ತೇವೆ, ತಮಿಳಿನವರು ಕೈಪ್ಪಕ್ಕುವಂ ಅನ್ನುತ್ತಾರೆ. ಎರಡೂ ಭಾಷೆ ಕೈಯನ್ನೇ ಹಿಡಿದುಕೊಂಡಿವೆ, ಸಾಮಾನನ್ನಲ್ಲ. ಯಾವಾಗ ನಿಲ್ಲಿಸಬೇಕು, ಎಷ್ಟು ಬೆಚ್ಚಗೆ, ಎಷ್ಟು ಉಪ್ಪು ಎಂಬ ತೀರ್ಮಾನವೇ ಕೈ. ಆ ಲೆಕ್ಕದಲ್ಲಿ ಡಬ್ಬಿಯ ಹಿಂದೆ ಬರೆದದ್ದನ್ನು ಅಕ್ಷರಶಃ ಪಾಲಿಸಿದವರ ಕೇಕಿಗೂ, ಅದನ್ನು ತಿದ್ದಿದವರ ಕೇಕಿಗೂ ವ್ಯತ್ಯಾಸವಿದೆ ಎಂದೇ ನನ್ನ ಅನಿಸಿಕೆ. ತಿದ್ದಿದವರು 'ನಾನು ಮಾಡಿದೆ' ಅನ್ನಬಹುದು.

ಇನ್ನೊಂದು ಮಾತು. ಡಬ್ಬಿ ಎಂದರೆ ಹೊರಗಿನದು ಎಂದು ಕನ್ನಡಿಗರು ಹೇಳುವಂತೆಯೇ ಇಲ್ಲ. 1924ರಲ್ಲಿ ಬೆಂಗಳೂರಿನಲ್ಲಿ ಯಜ್ಞನಾರಾಯಣ ಮಯ್ಯರು ಸಹೋದರರೊಂದಿಗೆ ಶುರುಮಾಡಿದ ಹೋಟೆಲು, ನಮ್ಮ ಎಂಟಿಆರ್, ತುರ್ತುಪರಿಸ್ಥಿತಿಯ ಕಾಲದಲ್ಲಿ ತಿಂಡಿಯ ಬೆಲೆಯನ್ನು ಸರ್ಕಾರ ಕಟ್ಟಿಹಾಕಿದಾಗ ನಡೆಸುವುದು ಕಷ್ಟವಾಗಿ, ಪುಡಿ ಮತ್ತು ಮಿಕ್ಸುಗಳ ಕಡೆ ತಿರುಗಿತು. 2007ರಲ್ಲಿ ಆ ಪ್ಯಾಕೆಟ್ಟಿನ ವ್ಯಾಪಾರ ನಾರ್ವೆಯ ಓರ್ಕ್ಲಾ ಕಂಪನಿಯ ಕೈಸೇರಿತು. ನಾವು ಊರಿನ ನೆನಪಾಗಿ ಚೆನ್ನೈಯ ಅಂಗಡಿಯಲ್ಲಿ ಕೊಳ್ಳುವ ರವೆ ಇಡ್ಲಿ ಮಿಕ್ಸ್ ಕೂಡ ಒಂದು ಬದಲಿಯ ಬದಲಿ. ಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಮಾಡಿ ನೋಡಿದ್ದೇ ರವೆ ಇಡ್ಲಿ ಎಂದು ಎಂಟಿಆರ್‌ನವರೇ ಹೇಳುತ್ತಾರೆ. ಅಭಾವದ ಉಪಾಯ ಎರಡು ತಲೆಮಾರಿನಲ್ಲಿ ಸಂಪ್ರದಾಯವಾಯಿತು. ದೀಪಾವಳಿಯ ವಾರ ಇಲ್ಲಿನ ಅಂಗಡಿಗಳಲ್ಲಿ ಗುಲಾಬ್ ಜಾಮೂನ್ ಮಿಕ್ಸ್ ಗೋಡೆಯಂತೆ ಪೇರಿಸಿರುತ್ತಾರೆ. ಖೋವಾ ಕಾಯಿಸಿದವರನ್ನು ನಾನಂತೂ ಈ ಊರಿನಲ್ಲಿ ಕಂಡಿಲ್ಲ. ಆದರೂ ಜಾಮೂನಿಗೆ ಯಾರೂ ತಲೆತಗ್ಗಿಸುವುದಿಲ್ಲ.

ಮತ್ತೆ, ಈ ಪ್ರಶ್ನೆಯನ್ನು ಯಾರಿಗೆ ಕೇಳುತ್ತೇವೆ ಎಂಬುದನ್ನೂ ಗಮನಿಸಿ. ಕಡಂದಲೆಯಿಂದ ಬಂದ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಕೆಥೀಡ್ರಲ್ ರಸ್ತೆಯಲ್ಲಿ 1962ರಿಂದ 2008ರ ತನಕ ಅವರ ಡ್ರೈವ್-ಇನ್ ಇತ್ತು, ಈಗ ಆ ಜಾಗ ಸೆಮ್ಮೊಳಿ ಪೂಂಗಾ. ಅಲ್ಲಿ ಕಾರಿನಲ್ಲಿ ಕೂತು ದೋಸೆ ತಿಂದವರು ಹಿಟ್ಟು ರುಬ್ಬಿದ್ದು ಯಾರು ಎಂದು ಕೇಳಿದ್ದುಂಟೇ? ಹೋಟೆಲಿನ ಭಟ್ಟರಿಗೆ ರುಚಿಯೊಂದೇ ಪರೀಕ್ಷೆ. ಮನೆಯ ಹೆಂಗಸಿಗೆ ಮಾತ್ರ ರುಚಿಯ ಜೊತೆಗೆ ಎಷ್ಟು ಗಂಟೆ ನಿಂತಿದ್ದೆ ಎಂಬ ಲೆಕ್ಕವನ್ನೂ ಕೇಳುತ್ತೇವೆ. ಓಎಂಆರ್‌ನಿಂದ ರಾತ್ರಿ ಎಂಟಕ್ಕೆ ಮನೆ ಸೇರಿದವಳ ಹತ್ತಿರ ಆ ಲೆಕ್ಕ ಕೇಳುವ ಹಕ್ಕು ಯಾರಿಗೂ ಇಲ್ಲ ಎಂದು ನಾನು ಖಡಾಖಂಡಿತವಾಗಿ ನಂಬಿದ್ದೆ. ಈಗಲೂ ಬಹುಮಟ್ಟಿಗೆ ನಂಬುತ್ತೇನೆ. ಆದರೆ ನಮ್ಮ ಅಪಾರ್ಟ್‌ಮೆಂಟಿನ ಒಂದು ಪ್ರಕರಣ ಅದಕ್ಕೆ ಎರಡು ತಿದ್ದುಪಡಿ ಹಾಕಿಸಿತು.

ಇಲ್ಲಿ ಹುಬ್ಬಳ್ಳಿ ಕಡೆಯ ಅಕ್ಕ ಒಬ್ಬರಿದ್ದಾರೆ. ವಾರಾಂತ್ಯದಲ್ಲಿ ಮೂರು ನಾಲ್ಕು ಕೇಕು ಮಾಡಿ ಮಾರುತ್ತಾರೆ. ವಾಟ್ಸಾಪ್ ಪಟ್ಟಿಯಲ್ಲಿ 'ಹೋಮ್‌ಮೇಡ್' ಎಂದಿತ್ತು. ಯಾರೋ ಕಸದ ಬುಟ್ಟಿಯಲ್ಲಿ ಮಿಕ್ಸಿನ ಖಾಲಿ ಪೊಟ್ಟಣಗಳನ್ನು ಕಂಡು ಗ್ರೂಪಿನಲ್ಲಿ ಫೋಟೋ ಹಾಕಿದರು. ಎರಡು ದಿನ ಗದ್ದಲ. ಅಕ್ಕ ಜಗ್ಗಲಿಲ್ಲ: "ಮನ್ಯಾಗ ಮಾಡೀನಿ, ಹೋಮ್‌ಮೇಡ್ ಅಂದೀನಿ. ಪಾಕೀಟಿಂದ ಅಂತ ಹೇಳಾಕ ನನಗೇನ್ ನಾಚಿಕಿಲ್ರೀ, ಯಾರೂ ಕೇಳಲಿಲ್ಲ." ಅವರ ಮಾತಿನಲ್ಲಿ ಸುಳ್ಳಿಲ್ಲ. ಆ ಕೇಕಿನಲ್ಲಿ ಅವರ ಡಿಕಾಕ್ಷನ್, ಅವರ ಕಾವಲು, ಅವರ ಕೈ ಇತ್ತು. ಫೋಟೋ ಹಾಕಿದವರ ಮನೆಯಲ್ಲಿ ಜಾಮೂನ್ ಹೇಗಾಗುತ್ತದೆಂದೂ ನನಗೆ ಗೊತ್ತು.

ಮೊದಲ ತಿದ್ದುಪಡಿ ಮೊಟ್ಟೆಯದು. ಮೊಟ್ಟೆಯಿಲ್ಲದ ಮಿಕ್ಸಿಗೆ ಒಂದು ಮೊಟ್ಟೆ ಹಾಕಿದರೆ ಕೇಕು ಉಬ್ಬುತ್ತದೆ, ರುಚಿಯೂ ತುಂಬಿಕೊಳ್ಳುತ್ತದೆ. ಸುಧಾರಣೆಗಳಲ್ಲೆಲ್ಲ ಬಹುಶಃ ಅತ್ಯುತ್ತಮವಾದದ್ದು ಅದೇ, ಸದ್ದಿಲ್ಲದೆ ಮಾಡಬಾರದ್ದೂ ಅದೇ. ಡಬ್ಬಿಯ ಮೇಲಿನ ಹಸಿರು ಚುಕ್ಕೆ ಡಬ್ಬಿ ಒಡೆಯುವ ತನಕ ಮಾತ್ರ ನಿಜ. ನಮ್ಮ ಮಹಡಿಯಲ್ಲೇ ಮೊಟ್ಟೆ ಮುಟ್ಟದ ಮನೆಗಳು ಮೂರಿವೆ. ಬಾದಾಮಿ ಪುಡಿ, ಗೋಡಂಬಿ ಸೇರಿಸುವುದೂ ಹೀಗೆಯೇ, ಕೆಲವರ ಮೈಗೆ ಅದು ಅಪಾಯ. ತಿನ್ನುವವರಿಗೆ ನನ್ನ ಗಂಟೆಗಳ ಲೆಕ್ಕ ಕೇಳುವ ಹಕ್ಕಿಲ್ಲ, ಆದರೆ ತಮ್ಮ ಬಾಯೊಳಗೆ ಹೋಗುವುದರ ಲೆಕ್ಕ ಕೇಳದೆಯೇ ಸಿಗಬೇಕು. ಇದರಲ್ಲಿ ಅಕ್ಕನಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಅವರು ಮೊಟ್ಟೆ ಹಾಕಿದ್ದರೆ ಮೊದಲಿನಿಂದಲೂ ಹೇಳಿಯೇ ಕೊಡುತ್ತಿದ್ದರು.

ಎರಡನೆಯದು ನಾನು ಯೋಚಿಸಿಯೇ ಇರದದ್ದು. ಪಕ್ಕದ ಬ್ಲಾಕಿನಲ್ಲಿ ಇನ್ನೊಬ್ಬರು ಕೇಕು ಮಾರುತ್ತಾರೆ, ತಮಿಳಿನವರು. ಅವರು ಮೈದಾ ಜರಡಿ ಹಿಡಿದು, ಬೆಣ್ಣೆ ಸಕ್ಕರೆ ನುರಿದು ಶುರುಮಾಡುವವರು. ಅವರ ದರ ಹೆಚ್ಚು. ಎರಡು ಪಟ್ಟಿಯಲ್ಲೂ 'ಹೋಮ್‌ಮೇಡ್' ಎಂದೇ ಇದ್ದಾಗ ಅವರು ದುರಾಸೆಯವರಂತೆ ಕಾಣುತ್ತಿದ್ದರು. ಇವರಿಗೆ ಕೇಳಿದಷ್ಟೇ ಹೇಳಿದ್ದರಿಂದ ತಿಂದವರಿಗೆ ನಷ್ಟವಾಗಲಿಲ್ಲ, ಅವರಿಗೆ ಕೇಕು ಇಷ್ಟವಾಗಿಯೇ ಇತ್ತು. ನಷ್ಟವಾದದ್ದು ಪಕ್ಕದ ಬ್ಲಾಕಿನ ಕೈಗೆ. ಹೊಗಳಿಕೆಯೂ ಹಣದ ಹಾಗೆಯೇ, ಒಬ್ಬರಿಗೆ ಹೆಚ್ಚು ಸಂದಾಗ ಎಲ್ಲೋ ಒಬ್ಬರಿಗೆ ಕಡಿಮೆಯಾಗಿರುತ್ತದೆ. ನೆರೆಮನೆಗೆ ಕೊಟ್ಟ ಒಂದು ತುಂಡಿನಲ್ಲಿ ಇದು ಕಾಣದಷ್ಟು ಚಿಕ್ಕದು. ದರಪಟ್ಟಿ ಬಂದ ಕೂಡಲೇ ಕಾಣುತ್ತದೆ.

ನಾನಿದನ್ನು ಅಕ್ಕನಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಕಿ ಬಗ್ಗೆ ನಾ ವಿಚಾರ ಮಾಡಿದ್ದಿಲ್ಲ ನೋಡ್ರೀ" ಅಂದರು. ಕಳೆದ ತಿಂಗಳಿಂದ ಅವರ ಪಟ್ಟಿಯಲ್ಲಿ 'ಮಿಕ್ಸ್‌ನಿಂದ, ಮೊಟ್ಟೆ ಇಲ್ಲ' ಎಂದೂ, ಬೇಕೆಂದವರಿಗೆ 'ಮಿಕ್ಸ್‌ನಿಂದ, ಮೊಟ್ಟೆ ಇದೆ' ಎಂದೂ ಎರಡು ಸಾಲು ಇವೆ. ಮೊದಲ ವಾರ ಆರ್ಡರ್ ಕಡಿಮೆಯಾದವು, ಡಿಕಾಕ್ಷನ್ನಿನ ಚಾಕೊಲೇಟ್ ಕೇಕಿಗೆ ಮಾತ್ರ ಆಗಲಿಲ್ಲ. ದರವನ್ನು ಅವರು ಒಂದು ರೂಪಾಯಿಯೂ ಇಳಿಸಿಲ್ಲ. "ನಾ ರೊಕ್ಕ ತಗೊಳ್ಳೋದು ನನ್ನ ಕೈಗೆ, ಪಾಕೀಟಿಗಲ್ಲ" ಅನ್ನುತ್ತಾರೆ. ಆ ದರ ಸರಿಯೇ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಇನ್ನೂ ಒಮ್ಮತವಿಲ್ಲ.