ಜೊತೆನಡಿಗೆ



ಶ್ರೀಮದಾನಂದತೀರ್ಥ ಭಗವತ್ಪಾದರು ಉತ್ತರಬದರಿಗೆ ಒಬ್ಬರೇ ಹೊರಟಾಗ ಸತ್ಯತೀರ್ಥರೆಂಬ ಶಿಷ್ಯರು ಗುರುವಿರಹವನ್ನು ಸಹಿಸಲಾರದೆ ಹಿಂಬಾಲಿಸಿದ ಪ್ರಸಂಗವನ್ನು ನಾರಾಯಣ ಪಂಡಿತಾಚಾರ್ಯರು ಸುಮಧ್ವವಿಜಯದಲ್ಲಿ ವರ್ಣಿಸಿದ್ದಾರೆ. ಆಚಾರ್ಯರು ಬಂಡೆಯಿಂದ ಬಂಡೆಗೆ ಲಂಘಿಸುತ್ತ ಸಾಗಿದರು. ಶಿಷ್ಯರಿಗೆ ಆ ವೇಗವೆಲ್ಲಿ? ಆಚಾರ್ಯರು ಹಿಂತಿರುಗಿ ನೋಡಿ ಕೈಸನ್ನೆಮಾತ್ರದಿಂದ ಅವರನ್ನು ಮಠಕ್ಕೆ ಮರಳಿಸಿದರು. ಈ ಪ್ರಸಂಗವನ್ನು ಕೇಳುವಾಗಲೆಲ್ಲ ನಮ್ಮ ಮನಸ್ಸು ಆ ಲಂಘನದ ಮೇಲೆಯೇ ನಿಲ್ಲುತ್ತಿತ್ತು. ಹಿಂತಿರುಗಿದ ಆ ನೋಟದ ಬೆಲೆಯನ್ನರಿಯಲು ನಾವು 100 ಕಿಲೋಮೀಟರ್ ನಡೆಯಬೇಕಾಯಿತು.

1981ರಲ್ಲಿ ಹಾಂಗ್‌ಕಾಂಗಿನ ಗೂರ್ಖಾ ಸೈನಿಕರು ಅಲ್ಲಿಯ ಮ್ಯಾಕ್ಲಿಹೋಸ್ ಬೆಟ್ಟದ ದಾರಿಯಲ್ಲಿ 100 ಕಿಲೋಮೀಟರ್ ನಡೆಯುವ ಒಂದು ಅಭ್ಯಾಸವನ್ನು ಆರಂಭಿಸಿದರು. 1986ರಿಂದ ಸಾಮಾನ್ಯ ಜನರೂ ಅದರಲ್ಲಿ ಸೇರಿದರು. ಆಕ್ಸ್‌ಫ್ಯಾಮ್ ಸಂಸ್ಥೆಯ 'ಟ್ರೇಲ್‌ವಾಕರ್' ಎಂದು ಪ್ರಸಿದ್ಧವಾದ ಈ ನಡಿಗೆ 2010ರ ದಶಕದಲ್ಲಿ ಬೆಂಗಳೂರಿನ ಹೊರವಲಯಕ್ಕೂ ಬಂದಿತು. ನಾಲ್ವರ ತಂಡ, 48 ಗಂಟೆಗಳ ಅವಧಿ. ನಡೆಯುವವರನ್ನು ನೋಡಿ ಬಂಧುಮಿತ್ರರು ಕೊಡುವ ಹಣ ಬಡವರ ಸೇವೆಗೆ. ನಾಲ್ವರೂ ಕೂಡಿಯೇ ಮುಗಿಸಬೇಕೆಂಬುದು ಅದರ ಜೀವಾಳ.

ನಮ್ಮ ನಾಲ್ವರಲ್ಲಿ ಹಿರಿಯರೊಬ್ಬರು ನಿಧಾನಿಗಳು. ಮೊದಲ ಹಗಲು ವಿನೋದದಲ್ಲಿಯೇ ಕಳೆಯಿತು. ರಾತ್ರಿಯಾದಂತೆ ಅಂಗಾಲಿನಲ್ಲಿ ಬೊಬ್ಬೆಗಳೆದ್ದವು, ಟಾರ್ಚಿನ ಬೆಳಕು ಮಂಕಾಯಿತು, ನಮ್ಮ ನಾಲಗೆಯೂ ಬಿರುಸಾಯಿತು. "ರಾಯರೇ, ಹೀಗೆ ನಡೆದರೆ ಕೊಟ್ಟವರಿಗೆ ಯಾವ ಮುಖ ತೋರಿಸುವುದು?" ಎಂದುಬಿಟ್ಟೆವು. ಅವರು ಶಾಂತರಾಗಿ, "ನೀವು ನಡೀರಿ, ನಾನು ಬಂದೇ ಬರ್ತೇನೆ" ಎಂದರು. ನಾವು ನಿಜವಾಗಿಯೂ ನಡೆದುಬಿಟ್ಟೆವು! ಮುಂದಿನ ತಂಗುದಾಣದಲ್ಲಿ ಕುಳಿತು ಅವರಿಗಾಗಿ ಕಾಯುವಾಗ ಆದ ಲಜ್ಜೆ ಅಷ್ಟಿಷ್ಟಲ್ಲ.

ಜೀವಜೀವರಲ್ಲಿ ಭೇದವುಂಟು, ಯೋಗ್ಯತೆಯಲ್ಲಿ ತಾರತಮ್ಯವುಂಟು ಎಂದು ಬಾಲ್ಯದಿಂದ ಕೇಳಿದವರು ನಾವು. ಆದರೆ ಆ ಜ್ಞಾನವನ್ನು ನಾವು ಉಪಯೋಗಿಸುವುದು ಬಹುಶಃ ನಮಗಿಂತ ಕೆಳಗಿನವರನ್ನು ಎಣಿಸುವುದಕ್ಕೇ. ತಾರತಮ್ಯವನ್ನು ಹೇಳಿದ ಶಾಸ್ತ್ರವೇ ಜೀವನ ಕರ್ತೃತ್ವವು ಶ್ರೀಹರಿಯ ಅಧೀನವೆಂದೂ ಹೇಳುತ್ತದೆ. ನಮ್ಮ ಕಾಲಿನ ಬಿರುಸು ನಮ್ಮ ಸಂಪಾದನೆಯಲ್ಲ; ಅದೇ ರಾತ್ರಿ ನಮ್ಮ ಬಲಮಂಡಿ ಮಡಿಸಲು ಬಾರದೆ ಹೋದಾಗ ಇದು ಚೆನ್ನಾಗಿ ಮನದಟ್ಟಾಯಿತು. ಆಗ ನಮ್ಮ ಕೈಚೀಲವನ್ನು ಕೇಳದೆಯೇ ಹೆಗಲಿಗೇರಿಸಿಕೊಂಡವರು ಆ ರಾಯರೇ.

ದಾನದ ವಿಷಯವನ್ನೂ ಮುಚ್ಚಿಡುವುದಿಲ್ಲ. ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಭಗವಂತನು ದಾನವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಫಲವನ್ನು ಬಯಸಿ ಕೊಟ್ಟದ್ದು ರಾಜಸ. ಯಾರು ಎಷ್ಟು ಕೊಟ್ಟರೆಂಬ ಪಟ್ಟಿಯನ್ನು ದಿನಕ್ಕೆರಡು ಬಾರಿ ನೋಡಿ, ಬೇರೆ ತಂಡಗಳಿಗಿಂತ ಹೆಚ್ಚಾಯಿತೇ ಎಂದು ಲೆಕ್ಕಹಾಕಿದ ನಮ್ಮದು ಯಾವ ವರ್ಗಕ್ಕೆ ಸೇರಿತೆಂದು ವಾಚಕರೇ ಊಹಿಸಬಹುದು. ರಾಯರು ತಮ್ಮ ಪಾಲಿನ ಹಣವನ್ನು ಹೆಸರಿಲ್ಲದೆ ಬರೆಸಿದ್ದರು.

ಮೂರನೆಯ ದಿನದ ಅರುಣೋದಯ. ದಾರಿಯ ಪಕ್ಕದಲ್ಲೊಂದು ಕೆರೆ. ಅವಧಿ ಮುಗಿಯಲು ಇನ್ನು ಕೆಲವೇ ಗಂಟೆಗಳಿದ್ದವು. ರಾಯರು ಸಂಕೋಚದಿಂದ, "ಅರ್ಘ್ಯ ಕೊಟ್ಟು ಬರಲೇ? ಹೊತ್ತಾಗುತ್ತದೆಯೋ ಏನೋ" ಎಂದು ನಮ್ಮ ಅನುಮತಿ ಕೇಳಿದರು. ನಾವು ಕೈಗಡಿಯಾರವನ್ನು ನೋಡಲಿಲ್ಲ. ಊದಿದ ಕಾಲುಗಳನ್ನು ನಿಧಾನವಾಗಿ ನೀರಿಗಿಳಿಸಿ, ನಾವೂ ಅವರ ಪಕ್ಕದಲ್ಲಿ ಆಚಮನಕ್ಕೆ ಕುಳಿತೆವು.