ನಷ್ಟದ ಪಾಲು ಯಾರದು?

ಬ್ಯಾಂಕಿನಲ್ಲಿ ಒಂದು ಲಕ್ಷ ಠೇವಣಿ ಇಟ್ಟರೆ ವರ್ಷದ ಕೊನೆಗೆ ಎಷ್ಟು ಬರುತ್ತದೆಂದು ಇಟ್ಟ ದಿನವೇ ಗೊತ್ತಿರುತ್ತದೆ. ಆ ಹಣವನ್ನು ಸಾಲ ಪಡೆದು ಮಿಲ್ಲು ಹಾಕಿದವನಿಗೆ ಮಾತ್ರ ನಾಳೆಯದು ಗೊತ್ತಿಲ್ಲ. ಮಿಲ್ಲು ನಡೆದರೂ ನಿಂತರೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಕುರಾನ್ ವ್ಯಾಪಾರವನ್ನು ಒಪ್ಪಿ 'ರಿಬಾ'ವನ್ನು, ಅಂದರೆ ಬಡ್ಡಿಯನ್ನು, ನಿಷೇಧಿಸುತ್ತದೆ. ಲಾಭದ ಆಸೆಗೆ ಅಲ್ಲಿ ಅಡ್ಡಿಯಿಲ್ಲ, ಹೊಣೆ ಹೊರದವನು ಲಾಭ ಕೇಳಬಾರದು ಅಷ್ಟೆ. ಬಡ್ಡಿಯನ್ನು ವಿರೋಧಿಸುವ ಇಸ್ಲಾಮೀ ಅರ್ಥಚಿಂತಕರ ವಾದದ ತಿರುಳು ಇದೇ.

ಹಾಗಾದರೆ ಉಳಿತಾಯಗಾರನಿಗೆ ಏನು ಸಿಗಬೇಕು? ಅದಕ್ಕೆ ಉತ್ತರ 'ಮುದಾರಬಾ'. ಹಣ ಒಬ್ಬನದು, ದುಡಿಮೆ ಇನ್ನೊಬ್ಬನದು. ಮೊದಲೇ ಗೊತ್ತುಮಾಡಿಕೊಳ್ಳುವುದು ಲಾಭದ ಹಂಚಿಕೆಯನ್ನು ಮಾತ್ರ. 60:40 ಎಂದು ಒಪ್ಪಿಕೊಂಡಿದ್ದಾರೆ ಎನ್ನಿ. ಹತ್ತು ಸಾವಿರ ಲಾಭ ಬಂದರೆ ಹಣ ಹಾಕಿದವನಿಗೆ ಆರು ಸಾವಿರ, ಎರಡು ಸಾವಿರ ಬಂದರೆ ಸಾವಿರದ ಇನ್ನೂರು, ಏನೂ ಬರದಿದ್ದರೆ ಸೊನ್ನೆ. ನಷ್ಟವಾದರೆ ಬಂಡವಾಳ ಹಾಕಿದವನೇ ಹೊರಬೇಕು. ಮೋಸವಾಗಲಿ ನಿರ್ಲಕ್ಷ್ಯವಾಗಲಿ ಇಲ್ಲದಿದ್ದರೆ ದುಡಿದವನಿಂದ ಒಂದು ಕಾಸನ್ನೂ ಕೇಳುವಂತಿಲ್ಲ. ಅವನ ಬೆವರು ಆಗಲೇ ಹೋಗಿದೆಯಲ್ಲ! ಬೆವರನ್ನೂ ಬಂಡವಾಳದ ಸಮಕ್ಕೆ ಇಟ್ಟು ತೂಗುವ ಈ ನಿಯಮ ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಮಾನವೀಯವಾಗಿ ಕಾಣುತ್ತದೆ.

ಹೊಲವನ್ನು ಗುತ್ತಿಗೆಗೆ ಕೊಡುವುದಕ್ಕೂ ವಾರಕ್ಕೆ ಕೊಡುವುದಕ್ಕೂ ಇರುವ ವ್ಯತ್ಯಾಸ ಬಲ್ಲ ನಮ್ಮ ರೈತರಿಗೆ ಇದು ಬೇಗ ಅರ್ಥವಾಗುತ್ತದೆ. ಗುತ್ತಿಗೆಯಲ್ಲಿ ಮಳೆ ಕೈಕೊಟ್ಟರೂ ಮಾತಾಡಿದಷ್ಟು ಕೊಡಬೇಕು. ವಾರದಲ್ಲಿ ಬೆಳೆದಷ್ಟನ್ನೇ ಕಣದಲ್ಲಿ ಹಂಚಿಕೊಳ್ಳುತ್ತಾರೆ.

ಈ ವಿಚಾರ ಬ್ಯಾಂಕಿನ ರೂಪವನ್ನೂ ತಳೆಯಿತು. 1963ರಲ್ಲಿ ಈಜಿಪ್ಟಿನ ಮಿತ್ ಘಮ್ರ್ ಪಟ್ಟಣದಲ್ಲಿ ಅಹ್ಮದ್ ಅಲ್ ನಜ್ಜಾರ್ ಬಡ್ಡಿಯಿಲ್ಲದ ಉಳಿತಾಯ ಬ್ಯಾಂಕು ತೆರೆದರು. ಅವರ ಮುಂದಿದ್ದ ಮಾದರಿ ಜರ್ಮನಿಯ ಉಳಿತಾಯ ಬ್ಯಾಂಕುಗಳದು. 1975ರಲ್ಲಿ ದುಬೈ ಇಸ್ಲಾಮಿಕ್ ಬ್ಯಾಂಕ್ ಬಂತು. ಇಂಥ ಬ್ಯಾಂಕುಗಳಲ್ಲಿ ಮುದಾರಬಾ ಎರಡು ಮೆಟ್ಟಿಲಾಗುತ್ತದೆ: ಠೇವಣಿದಾರನ ಮುಂದೆ ಬ್ಯಾಂಕು ದುಡಿಯುವವನು, ಉದ್ಯಮಿಯ ಮುಂದೆ ಅದೇ ಬ್ಯಾಂಕು ಹಣ ಹಾಕುವವನು.

ತೊಡಕು ಶುರುವಾಗುವುದು ಪಕ್ಕದ ಬೀದಿಯ ಬ್ಯಾಂಕಿನಿಂದ. ಅಲ್ಲಿ ಬಡ್ಡಿ ಹೆಚ್ಚು ಸಿಕ್ಕರೆ ಗ್ರಾಹಕ ಹಣ ಎತ್ತಿಕೊಂಡು ಹೋಗುತ್ತಾನೆ. ಆ ಭಯಕ್ಕೆ ಇಸ್ಲಾಮಿಕ್ ಬ್ಯಾಂಕುಗಳು ಒಳ್ಳೆಯ ವರ್ಷದ ಲಾಭದಲ್ಲಿ ಒಂದಿಷ್ಟನ್ನು ತೆಗೆದಿಟ್ಟು ಕೆಟ್ಟ ವರ್ಷದಲ್ಲಿ ಸೇರಿಸಿ ಕೊಡುತ್ತವೆ. ಕೆಲವೊಮ್ಮೆ ತಮ್ಮ ಪಾಲನ್ನೇ ಬಿಟ್ಟುಕೊಡುತ್ತವೆ. ಸಾಲ ಕೊಡುವ ಕಡೆಯಲ್ಲೂ ಪಾಲುದಾರಿಕೆಗಿಂತ 'ಮುರಾಬಹಾ' ಹೆಚ್ಚು. ಅಂದರೆ ಬ್ಯಾಂಕೇ ವಸ್ತು ಕೊಂಡು, ನಿಗದಿತ ಲಾಭ ಸೇರಿಸಿ ಕಂತಿನಲ್ಲಿ ಮಾರುವುದು. ಹೀಗಾಗಿ ಲಾಭದ ಪಾಲು ಬಡ್ಡಿದರದ ನೆರಳಿನಂತೆ ಏರಿಳಿಯುತ್ತದೆ. ಮಲೇಷ್ಯಾದ ಬಗ್ಗೆ ಚಾಂಗ್ ಮತ್ತು ಲಿಯು 2009ರಲ್ಲಿ ಪ್ರಕಟಿಸಿದ ಅಧ್ಯಯನ ಕಂಡುಕೊಂಡದ್ದೂ ಇದನ್ನೇ. ನಷ್ಟವನ್ನು ಯಾರೂ ಹೊರದಂತೆ ಮುಚ್ಚಿಟ್ಟಾಗ ಪಾಲುದಾರಿಕೆ ಹೆಸರಿಗಷ್ಟೇ ಉಳಿಯುತ್ತದೆ ಎಂದೇ ನನ್ನ ಅಭಿಪ್ರಾಯ.

ಈ ಮಸುಕನ್ನು ಸರಿಸಿದ್ದು ಮಲೇಷ್ಯಾದ್ದೇ 2013ರ ಕಾನೂನು. ಅಸಲು ಖಾತ್ರಿಯಿರುವ ಠೇವಣಿ ಬೇರೆ, ಅಸಲಿನ ಅಪಾಯ ಗ್ರಾಹಕನದೇ ಆದ ಹೂಡಿಕೆ ಖಾತೆ ಬೇರೆ ಎಂದು ಅದು ಬಿಡಿಸಿಟ್ಟಿತು. ಎರಡನೆಯದಕ್ಕೆ ಅಲ್ಲಿ ಠೇವಣಿ ವಿಮೆಯ ರಕ್ಷಣೆ ಇಲ್ಲ.